ಡಬ್ಬಕ್ಕೆ ಬಿದ್ದ ಕಾಗದ ಊರು ಸೇರಿತೆ?

ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಮೊದಲ ಬಸ್ಸು ಹಿಡಿದು, ಬೆಳಗಿನ ಏಳು ಗಂಟೆಗೆಲ್ಲ ಮನೆ ಬಾಗಿಲಲ್ಲಿ ನಿಂತ ಮಗಳನ್ನು ಕಂಡು ತಾಯಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಹಬ್ಬವಿಲ್ಲ, ಹರಿದಿನವಿಲ್ಲ. ಬರುವುದಾಗಿ ಫೋನನ್ನೂ ಮಾಡಿರಲಿಲ್ಲ. ಕಣ್ಣು ಕೆಂಪಾಗಿದೆ, ಮುಖ ಬಾಡಿದೆ.

"ಮೈಗೆ ಹುಷಾರಿಲ್ಲವೇನೇ?" ಎಂದು ತಾಯಿ ಹಣೆ ಮುಟ್ಟಿ ನೋಡಿದರು.

"ಏನಿಲ್ಲಮ್ಮ, ನಿದ್ದೆ ಇಲ್ಲ ಅಷ್ಟೆ" ಎಂದು ಹುಡುಗಿ ಚೀಲ ಇಟ್ಟು ಬಚ್ಚಲುಮನೆಗೆ ಹೋದಳು.

ತಂದೆ ಜಗಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತಿದ್ದರು. ಪೋಸ್ಟ್‌ಮ್ಯಾನ್ ಆಗಿ ಸೇರಿ, ಪರೀಕ್ಷೆ ಪಾಸು ಮಾಡಿ ಪೋಸ್ಟ್ ಮಾಸ್ಟರ್ ಆಗಿ 2018ರಲ್ಲಿ ನಿವೃತ್ತರಾದವರು. ಅಷ್ಟು ವರ್ಷ ಊರಿನವರ ಸುಖದುಃಖಗಳನ್ನು ಮನೆ ಮನೆಗೆ ಮುಟ್ಟಿಸಿದ ಮನುಷ್ಯನಿಗೆ ಸ್ವಂತ ಮಗಳ ಮುಖ ಓದಲು ಬಾರದೆ? ಆದರೂ ಏನೂ ಕೇಳಲಿಲ್ಲ. ಅವಳು ಸ್ನಾನ ಮಾಡಿ, ಎರಡು ಅಕ್ಕಿರೊಟ್ಟಿ ತಿಂದು, ಕಾಫಿ ಲೋಟ ಕೆಳಗಿಡುವವರೆಗೂ ಕಾದು ಆಮೇಲೆ, "ಹೇಳಮ್ಮ, ಏನಾಯಿತು?" ಎಂದರು.

"ಅಪ್ಪ, ಈ ಕೆಲಸ ನನ್ನ ಕೈಲಿ ಆಗಲ್ಲ. ಬಿಟ್ಟುಬಿಡ್ತೀನಿ."

ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ ಯಾವ ತಂದೆಗಾದರೂ ಈ ಮಾತು ಎದೆಗೆ ಗುದ್ದಿದಂತಾದೀತು. ಅವರು ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟರು.

"ಬಿಡೋದು ಎಷ್ಟು ಹೊತ್ತಿನ ಕೆಲಸ? ಮೊದಲು ಆಗಿದ್ದೇನು, ನನಗೆ ಅರ್ಥವಾಗೋ ಹಾಗೆ ಹೇಳು."

ಅರ್ಥವಾಗುವ ಹಾಗೆ ಹೇಳುವುದು! ಕಂಪ್ಯೂಟರ್ ಕ್ಷೇತ್ರದ ಮಕ್ಕಳಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. "ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ" ಎಂದು ನೆಂಟರಿಷ್ಟರಿಗೆ ಹೇಳುವ ಎಷ್ಟು ಮಂದಿ ತಂದೆತಾಯಿಗಳಿಗೆ ಆ ಕೆಲಸ ಏನೆಂದು ತಿಳಿದಿದೆ? ತಿಳಿಯಲಾರದಷ್ಟು ಕಷ್ಟದ್ದೇನೂ ಅಲ್ಲ. ಆ ಬೆಳಗ್ಗೆ ಅವಳು ತಂದೆಗೆ ಹೇಳಿದ್ದನ್ನು ಓದುಗರೂ ಒಮ್ಮೆ ಕೇಳಬಹುದು.

ಹಸಿರು ದೀಪದ ಕಥೆ

ಅವಳ ಕಂಪನಿ ಆಸ್ಪತ್ರೆಗಳ ರಕ್ತಪರೀಕ್ಷಾಲಯಗಳಿಗೆ ಬೇಕಾದ ತಂತ್ರಾಂಶವನ್ನು ತಯಾರಿಸುತ್ತದೆ. ದೊಡ್ಡ ತಂತ್ರಾಂಶವನ್ನು ಯಾರೂ ಒಬ್ಬರೇ ಬರೆಯುವುದಿಲ್ಲ. ಇಪ್ಪತ್ತು ಮೂವತ್ತು ಜನ ಒಂದೊಂದು ಭಾಗ ಬರೆಯುತ್ತಾರೆ. ಮದುವೆ ಮನೆಯ ಅಡುಗೆಯನ್ನು ನೆನಪಿಸಿಕೊಳ್ಳಿ. ಒಬ್ಬ ಸಾರಿಗೆ ಉಪ್ಪು ಹಾಕಿದ್ದು ಇನ್ನೊಬ್ಬನಿಗೆ ತಿಳಿಯದೆ ಅವನೂ ಹಾಕಿದರೆ? ಇಬ್ಬರ ಕೆಲಸವೂ ಸರಿ, ಆದರೆ ಸಾರು ಕೆಟ್ಟಿತು. ತಂತ್ರಾಂಶದಲ್ಲೂ ಹಾಗೆಯೇ. ಬಿಡಿಬಿಡಿಯಾಗಿ ಸರಿಯಾಗಿದ್ದ ಭಾಗಗಳು ಕೂಡಿಸಿದಾಗ ಕೈಕೊಡುತ್ತವೆ.

ಹಿಂದೆಲ್ಲ ತಿಂಗಳುಗಟ್ಟಲೆ ಬೇರೆ ಬೇರೆಯಾಗಿ ಬರೆದು ಕೊನೆಗೊಂದು ದಿನ ಕೂಡಿಸುತ್ತಿದ್ದರು. ಆಗ ಎದ್ದು ನಿಲ್ಲುವ ತೊಂದರೆಗಳನ್ನು ಬಿಡಿಸುವುದರಲ್ಲಿ ಮತ್ತಷ್ಟು ತಿಂಗಳು ಕಳೆಯುತ್ತಿದ್ದವು. ಅದರ ಬದಲು ದಿನವೂ, ದಿನಕ್ಕೆ ಹಲವು ಬಾರಿ, ಕೂಡಿಸಿ ನೋಡಿಬಿಡುವುದು ಒಳ್ಳೆಯದಲ್ಲವೆ? ಇದಕ್ಕೆ 'ಕಂಟಿನ್ಯೂಯಸ್ ಇಂಟಿಗ್ರೇಷನ್' ಎಂದು ಹೆಸರು. ಸತತ ಜೋಡಣೆ ಎನ್ನಬಹುದು. ಅಮೆರಿಕದ ಗ್ರೇಡಿ ಬೂಚ್ 1990ರ ದಶಕದ ಮೊದಲ ಭಾಗದಲ್ಲಿ ಈ ಪದವನ್ನು ಬಳಸಿದರು. ಅದೇ ದಶಕದ ಕೊನೆಯ ಹೊತ್ತಿಗೆ ಕೆಂಟ್ ಬೆಕ್ ಮತ್ತು ಅವರ ಸಂಗಡಿಗರು ಅದನ್ನೊಂದು ದಿನನಿತ್ಯದ ಅಭ್ಯಾಸವನ್ನಾಗಿ ಮಾಡಿದರು.

ಕೂಡಿಸುವ ಕೆಲಸವನ್ನು ಮನುಷ್ಯರ ಬದಲು ಯಂತ್ರಕ್ಕೇ ವಹಿಸಿದರೆ ಹೇಗೆ? ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಜಪಾನಿನ ಕೊಹ್ಸುಕೆ ಕವಾಗುಚಿ ಎಂಬ ತರುಣ ಇಂಜಿನಿಯರ್ ತಾನು ಬರೆದದ್ದನ್ನು ಸೇರಿಸಿದಾಗಲೆಲ್ಲ ಎಲ್ಲರ ಕೆಲಸ ಕೆಟ್ಟು, ಜೊತೆಯವರಿಂದ ಬೈಸಿಕೊಂಡು ಬೇಸತ್ತಿದ್ದರಂತೆ. ಬೈಗುಳ ತಪ್ಪಿಸಿಕೊಳ್ಳಲು 2004ರಲ್ಲಿ ಅವರು 'ಹಡ್ಸನ್' ಎಂಬ ತಂತ್ರಾಂಶ ಬರೆಯತೊಡಗಿದರು. 2011ರಲ್ಲಿ ಅದು 'ಜೆಂಕಿನ್ಸ್' ಎಂಬ ಹೊಸ ಹೆಸರು ಪಡೆದು ಜಗತ್ತಿನಾದ್ಯಂತ ಹರಡಿತು. ಬರೆದದ್ದನ್ನೆಲ್ಲ ಯಂತ್ರವೇ ಒಟ್ಟುಗೂಡಿಸುತ್ತದೆ, ಪರೀಕ್ಷೆಗಳನ್ನು ಓಡಿಸುತ್ತದೆ, ಎಲ್ಲ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. (ಜೆಂಕಿನ್ಸ್ ಬಹಳ ವರ್ಷ ಹಸಿರಿನ ಬದಲು ನೀಲಿ ಚುಕ್ಕೆ ತೋರಿಸುತ್ತಿತ್ತು. ಜಪಾನೀಯರು ಟ್ರಾಫಿಕ್ ದೀಪದ ಹಸಿರನ್ನು 'ನೀಲಿ' ಎಂದೇ ಕರೆಯುವುದು!) ಹೀಗೆ ಒಮ್ಮೆ ಕೂಡಿಸಿ ನೋಡುವುದಕ್ಕೆ 'ಬಿಲ್ಡ್' ಎನ್ನುತ್ತಾರೆ.

"ಗೊತ್ತಾಯಿತು" ಎಂದರು ತಂದೆ. "ಹಸಿರು ಬಂದರೆ ಪಾಸು. ಅಲ್ಲಿಗೆ ಮುಗೀತಲ್ಲ?"

"ಮುಗಿಯಲ್ಲಪ್ಪ. ನನ್ನ ಕೆಲಸ ಶುರುವಾಗೋದೇ ಅದು ಮುಗಿದ ಮೇಲೆ."

ಮುಗಿದ ಮೇಲಿನ ಕೆಲಸ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊನೆಯ ಗಂಟೆ ಬಾರಿಸಿದಾಗ ಮಕ್ಕಳು ಕೇಕೆ ಹಾಕುತ್ತ ಹೊರಬರುತ್ತಾರೆ. ಅವರ ಪಾಲಿಗೆ ಪರೀಕ್ಷೆ ಮುಗಿಯಿತು. ಆದರೆ ಉತ್ತರಪತ್ರಿಕೆಗಳನ್ನು ಎಣಿಸಬೇಕು, ಕಟ್ಟಬೇಕು, ಮೊಹರು ಹಾಕಬೇಕು, ಮೌಲ್ಯಮಾಪನ ಕೇಂದ್ರಕ್ಕೆ ಮುಟ್ಟಿಸಬೇಕು, ಅಂಕ ಕೂಡಬೇಕು, ಪಟ್ಟಿಗೆ ಏರಿಸಬೇಕು. ಇದೆಲ್ಲ ವಿದ್ಯಾರ್ಥಿಯ ಕಣ್ಣಿಗೆ ಬೀಳದ, ಅವನ ಬೆನ್ನ ಹಿಂದೆ ನಡೆಯುವ ಕೆಲಸ. ಇದರಲ್ಲಿ ಒಂದು ಕಡೆ ತಪ್ಪಿದರೂ ಅವನು ಚೆನ್ನಾಗಿ ಬರೆದದ್ದು ವ್ಯರ್ಥ.

ಬಿಲ್ಡ್ ಮುಗಿದ ಮೇಲೂ ಇಂಥ ಹಿನ್ನೆಲೆ ಕೆಲಸಗಳಿರುತ್ತವೆ. ತಯಾರಾದ ತಂತ್ರಾಂಶವನ್ನು ಪೊಟ್ಟಣ ಕಟ್ಟಿ, ಕ್ರಮಸಂಖ್ಯೆ ಹಾಕಿ ಉಗ್ರಾಣದಲ್ಲಿಡಬೇಕು. ಸಂಬಂಧಪಟ್ಟವರಿಗೆ ಸುದ್ದಿ ಕಳಿಸಬೇಕು. ಹಳೆಯ ಪೊಟ್ಟಣಗಳನ್ನು ತೆಗೆದುಹಾಕಬೇಕು. ಇವೆಲ್ಲ ಆಗುವವರೆಗೆ ಬರೆದವರನ್ನು ಕಾಯಿಸುವುದು ಸರಿಯಲ್ಲವೆಂದು ಒಂದೊಂದು ಕೆಲಸಕ್ಕೂ ಒಂದು ಚೀಟಿ ಬರೆದು ಸರದಿಯಲ್ಲಿ ಹಾಕುತ್ತಾರೆ. ಬೇರೊಂದು ಯಂತ್ರ ಆ ಚೀಟಿಗಳನ್ನು ಒಂದೊಂದಾಗಿ ಎತ್ತಿಕೊಂಡು ಕೆಲಸ ಮಾಡುತ್ತ ಹೋಗುತ್ತದೆ.

"ಪೋಸ್ಟಾಫೀಸೇ ಆಯಿತಲ್ಲಮ್ಮ!" ಎಂದರು ತಂದೆ. "ಕೌಂಟರಿನಲ್ಲಿ ಕಾಗದ ತಗೊಂಡು ರಸೀತಿ ಕೊಟ್ಟು ಕಳಿಸಿಬಿಡ್ತೀವಿ. ಸಾರ್ಟಿಂಗು, ಚೀಲ ಕಟ್ಟೋದು, ಬಟವಾಡೆ ಎಲ್ಲ ಹಿಂದುಗಡೆ."

ಅವಳ ಮುಖದಲ್ಲಿ ಆ ದಿನದ ಮೊದಲ ನಗು ಕಾಣಿಸಿತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಪೊಟ್ಟಣವನ್ನು ಉಗ್ರಾಣದಲ್ಲಿಡುವ ಕೆಲಸ ಬರೆದವಳು ಅವಳು. ಅದು ಸರಿಯಾಗಿ ನಡೆಯುತ್ತದೆಯೆ ಎಂದು ನೋಡುವ ಪರೀಕ್ಷೆಗಳನ್ನು ಬರೆದವಳೂ ಅವಳೇ. ಒಂದು ಪರೀಕ್ಷೆ, ಬಿಲ್ಡ್ ಮುಗಿದಾಗ ಸರದಿಯಲ್ಲಿ ಚೀಟಿ ಬಿತ್ತೆ ಎಂದು ನೋಡುತ್ತಿತ್ತು. ಇನ್ನೊಂದು, ಮುಗಿದ ಬಿಲ್ಡೊಂದನ್ನು ಕೊಟ್ಟರೆ ಕೆಲಸ ಅದನ್ನು ಉಗ್ರಾಣಕ್ಕೆ ಸೇರಿಸುತ್ತದೆಯೆ ಎಂದು ನೋಡುತ್ತಿತ್ತು. ಎರಡೂ ದಿನವೂ ಹಸಿರು.

ತಪ್ಪು ಇದ್ದದ್ದು ಎರಡರ ನಡುವೆ. ಯಂತ್ರ ಮೊದಲು ಸರದಿಯಲ್ಲಿ ಚೀಟಿ ಹಾಕಿ, ಆಮೇಲೆ ದಫ್ತರಿನಲ್ಲಿ 'ಬಿಲ್ಡ್ ಮುಗಿಯಿತು' ಎಂದು ಬರೆಯುತ್ತಿತ್ತು. ನಡುವಿನ ಅಂತರ ಒಂದು ಸೆಕೆಂಡಿಗಿಂತ ಕಡಿಮೆ. ಚೀಟಿ ಎತ್ತಿಕೊಳ್ಳುವ ಯಂತ್ರ ನಿಧಾನವಾಗಿದ್ದಷ್ಟು ದಿನ ಅದರಿಂದ ತೊಂದರೆಯಾಗಲಿಲ್ಲ. ಅದು ಚೀಟಿ ಓದುವಷ್ಟರಲ್ಲಿ ದಫ್ತರು ಸಿದ್ಧವಾಗಿರುತ್ತಿತ್ತು. ಕಂಪನಿಯವರು ಹೊಸ, ವೇಗದ ಯಂತ್ರ ತಂದು ಕೂರಿಸಿದರು. ಅದು ತಟ್ಟನೆ ಚೀಟಿ ಎತ್ತಿಕೊಂಡು ದಫ್ತರು ನೋಡಿದರೆ ಅಲ್ಲಿ ಬಿಲ್ಡ್ ಇನ್ನೂ ಮುಗಿದೇ ಇಲ್ಲ! 'ಮುಗಿಯದಿದ್ದರೆ ಏನೂ ಮಾಡಬೇಡ, ಸುಮ್ಮನೆ ಹಿಂದಿರುಗು' ಎಂದು ಅವಳು ಬರೆದಿದ್ದಳು. ಅದು ಹಾಗೆಯೇ ಸುಮ್ಮನೆ ಹಿಂದಿರುಗಿತು. ಕೆಲಸ ತಕರಾರಿಲ್ಲದೆ ಮುಗಿಯಿತೆಂದು ಲೆಕ್ಕದಲ್ಲಿ ದಾಖಲಾಯಿತು.

ಹೀಗೆ 19 ದಿನ ಒಂದು ಪೊಟ್ಟಣವೂ ಉಗ್ರಾಣ ಸೇರಲಿಲ್ಲ. ಹಳೆಯ ಪೊಟ್ಟಣಗಳನ್ನು ಎರಡು ವಾರದ ನಂತರ ತೆಗೆದುಹಾಕುವ ಇನ್ನೊಂದು ಹಿನ್ನೆಲೆ ಕೆಲಸವಿತ್ತಲ್ಲ, ಅದು ಮಾತ್ರ ಒಂದು ದಿನವೂ ತಪ್ಪದೆ ತನ್ನ ಕರ್ತವ್ಯ ನಿರ್ವಹಿಸಿತು! ಉಗ್ರಾಣ ಬರಿದಾಯಿತು. ಎಲ್ಲ ದೀಪಗಳೂ ಹಸಿರಾಗಿಯೇ ಇದ್ದವು.

ಆ ವಾರದ ಮಂಗಳವಾರ ರಾತ್ರಿ ಹೊಸ ಆವೃತ್ತಿಯೊಂದು ಆಸ್ಪತ್ರೆಗಳಿಗೆ ಹೋಯಿತು. ಅದರಲ್ಲೊಂದು ದೋಷವಿದ್ದು ವರದಿಗಳು ಮುದ್ರಣವಾಗಲಿಲ್ಲ. ಚಿಂತೆಯಿಲ್ಲ, ಹಳೆಯ ಆವೃತ್ತಿಗೆ ಮರಳೋಣವೆಂದು ಉಗ್ರಾಣದ ಬಾಗಿಲು ತೆರೆದರೆ ಒಳಗೆ ಏನೂ ಇಲ್ಲ. ಮತ್ತೆ ಮೊದಲಿನಿಂದ ಕೂಡಿಸಲು ಹೊರಟರೆ, ಹೊರಗಿನಿಂದ ತರಿಸಿಕೊಳ್ಳುವ ಒಂದು ಭಾಗ ಅಷ್ಟರಲ್ಲಿ ಬದಲಾಗಿತ್ತು. ಐದು ಗಂಟೆ ಹಿಡಿಯಿತು. ಅಷ್ಟು ಹೊತ್ತು ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆಯ ಫಲಿತಾಂಶಗಳನ್ನು ಕೈಯಲ್ಲಿ ಬರೆದರು. ತುರ್ತು ಘಟಕದ ರೋಗಿಯೊಬ್ಬರ ವರದಿಯನ್ನು ಲ್ಯಾಬಿನ ಹುಡುಗನೊಬ್ಬ ಹಿಡಿದುಕೊಂಡು ಮೂರು ಮಹಡಿ ಓಡಿದನಂತೆ. ಯಾರಿಗೂ ಅಪಾಯವಾಗಲಿಲ್ಲ. ಆದರೆ ಆಗಬಹುದಿತ್ತು.

"ಮೀಟಿಂಗಿನಲ್ಲಿ, ಈ ಪರೀಕ್ಷೆ ಬರೆದವರು ಯಾರು ಅಂತ ಕೇಳಿದರು. ಕೈ ಎತ್ತಿದೆ. ಯಾರೂ ಬೈಲಿಲ್ಲಪ್ಪ. ಎಲ್ಲರೂ ತಿರುಗಿ ನೋಡಿದರು, ಅಷ್ಟೆ. ಬೈದಿದ್ದರೇ ಚೆನ್ನಾಗಿರ್ತಿತ್ತು" ಎನ್ನುವಷ್ಟರಲ್ಲಿ ಅವಳ ಗಂಟಲು ಕಟ್ಟಿತು.

ತಗಡಿನ ಮಡಿಕೆಯಲ್ಲಿ

ತಂದೆ ತಕ್ಷಣ ಸಮಾಧಾನ ಹೇಳಲಿಲ್ಲ. ಎದ್ದು ಹೋಗಿ ಎಲೆ ಅಡಿಕೆ ತಟ್ಟೆ ತಂದರು. ಅಡಿಕೆ ಬಾಯಿಗೆ ಹಾಕಿಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯನ್ನು ಹೇಳತೊಡಗಿದರು.

1988ರ ಮಾತು. ಅವರಿದ್ದ ಅಂಚೆ ಕಚೇರಿಗೆ ಸೇರಿದ ಒಂದು ಹಳ್ಳಿಯಲ್ಲಿ ಅರಳಿಕಟ್ಟೆಯ ಪಕ್ಕ ಒಂದು ಪೋಸ್ಟ್ ಡಬ್ಬವಿತ್ತು. ದಿನಕ್ಕೊಮ್ಮೆ ಹೋಗಿ ಬೀಗ ತೆಗೆದು, ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು, 'ಮುಂದಿನ ಕ್ಲಿಯರೆನ್ಸ್' ತೋರಿಸುವ ಬಿಲ್ಲೆಯನ್ನು ಬದಲಿಸಿ ಬರುವುದು ಟಪಾಲು ಹೊರುವ ಒಬ್ಬ ಹುಡುಗನ ಕೆಲಸ. ಬಿಲ್ಲೆ ಬದಲಾಗಿದ್ದರೆ ಡಬ್ಬ ತೆರವಾಗಿದೆ ಎಂದು ಅರ್ಥ. ಒಂದು ದಿನವೂ ಅವನು ಬಿಲ್ಲೆ ಬದಲಿಸುವುದನ್ನು ತಪ್ಪಿಸಿದವನಲ್ಲ.

ಆ ಹಳ್ಳಿಯ ಬಡ ರೈತನೊಬ್ಬನ ಮಗಳು ಟಿ.ಸಿ.ಎಚ್. ತರಬೇತಿಗೆ ಅರ್ಜಿ ಬರೆದು ಅದೇ ಡಬ್ಬಕ್ಕೆ ಹಾಕಿದ್ದಳು. ಅರ್ಜಿ ತಲುಪಲಿಲ್ಲ. ಕೊನೆಯ ದಿನಾಂಕ ಕಳೆಯಿತು. ಅವಳ ತಂದೆ ಕಚೇರಿಗೆ ಬಂದು ಕೈಮುಗಿದು ನಿಂತು ಕೇಳಿದ. ಕಾಗದ ಕಳೆದುಹೋಗಿದೆ ಎಂದ ಮೇಲೆ ಕಳೆದವರೊಬ್ಬರು ಬೇಕಲ್ಲ!

"ನಾನು ಆ ಹುಡುಗನನ್ನ ಎಲ್ಲರ ಮುಂದೆ ನಿಲ್ಲಿಸಿ ಕೇಳಿದೆ. ಕಾಗದ ಎಲ್ಲಿ ಬಿಸಾಕಿದೆಯೋ ಅಂದೆ. ಅವನು ಇಲ್ಲ ಸ್ವಾಮಿ, ಇಲ್ಲ ಸ್ವಾಮಿ ಅಂತ ಅತ್ತ. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ."

ಎರಡು ತಿಂಗಳ ಮೇಲೆ ಮಳೆಗಾಲಕ್ಕೆ ಮುಂಚೆ ಡಬ್ಬಕ್ಕೆ ಬಣ್ಣ ಬಳಿಯಲು ಅದನ್ನು ಕಳಚಿದರು. ಒಳಗಿನ ತಗಡು ತುಕ್ಕು ಹಿಡಿದು ಬಾಗಿತ್ತು. ಆ ಮಡಿಕೆಯ ಹಿಂದೆ ನಾಲ್ಕು ಕಾಗದಗಳು ಸಿಕ್ಕಿಕೊಂಡಿದ್ದವು. ಅದರಲ್ಲೊಂದು ಟಿ.ಸಿ.ಎಚ್. ಅರ್ಜಿ. ಬಾಗಿಲು ತೆರೆದು ಕೈಯಾಡಿಸಿದರೆ ಅವು ಯಾರಿಗೂ ಸಿಗುವಂತಿರಲಿಲ್ಲ.

"ಅವನನ್ನ ಹುಡುಕಿಕೊಂಡು ಅವನ ಊರಿಗೆ ಹೋದೆ. ಸಕಲೇಶಪುರದ ಕಡೆ ಯಾವುದೋ ಕಾಫಿ ತೋಟಕ್ಕೆ ಹೋಗಿದ್ದಾನೆ ಅಂದರು. ಆಮೇಲೆ ಸಿಗಲೇ ಇಲ್ಲ. ಆ ಹುಡುಗಿಗೂ ಒಂದು ವರ್ಷ ಹೋಯಿತು. ತಪ್ಪು ತಗಡಿನದು. ನಾನು ಮನುಷ್ಯನನ್ನ ಹುಡುಕಿದೆ, ತಗಡನ್ನ ಹುಡುಕಲಿಲ್ಲ. ನಮ್ಮ ಲೆಕ್ಕವೂ ತಪ್ಪಿತ್ತು ನೋಡು. ಬಿಲ್ಲೆ ಬದಲಾಯಿತೇ ಅಂತ ನೋಡ್ತಿದ್ದೆವೇ ಹೊರತು ಕಾಗದ ಊರು ಸೇರಿತೇ ಅಂತ ಯಾರೂ ನೋಡ್ತಿರಲಿಲ್ಲ."

ಆ ಮೇಲೆ ಅವರೊಂದು ಪದ್ಧತಿ ಇಟ್ಟುಕೊಂಡರು. ಪ್ರತಿ ಸೋಮವಾರ ಒಂದೊಂದು ಹಳ್ಳಿಯ ಡಬ್ಬಕ್ಕೆ ತಮ್ಮ ವಿಳಾಸಕ್ಕೇ ಒಂದು ಕಾರ್ಡು ಬರೆದು ಹಾಕುವುದು. ಎಷ್ಟು ದಿನಕ್ಕೆ ಕೈಸೇರುತ್ತದೆಂದು ಒಂದು ಪುಸ್ತಕದಲ್ಲಿ ಗುರುತು ಹಾಕುವುದು. ನಿಗದಿಯಾದ ದಿನಕ್ಕೆ ಬರದಿದ್ದರೆ ತಾವೇ ಸೈಕಲ್ಲು ಹತ್ತಿ ಆ ಡಬ್ಬದ ಬಳಿಗೆ ಹೋಗುವುದು. ಇನ್ಸ್‌ಪೆಕ್ಟರುಗಳು ಹೀಗೆ ಟೆಸ್ಟ್ ಲೆಟರ್ ಹಾಕಿ ಪರೀಕ್ಷಿಸುವುದು ಇಲಾಖೆಯಲ್ಲಿ ಮೊದಲಿಂದ ಇದ್ದದ್ದೇ. ಇವರು ಅದನ್ನು ಯಾರೂ ಹೇಳದೆ, ನಿವೃತ್ತಿಯಾಗುವವರೆಗೂ ಮಾಡಿಕೊಂಡು ಬಂದರು.

ಮಗಳು ಬಹಳ ಹೊತ್ತು ಸುಮ್ಮನಿದ್ದಳು.

ಸುದ್ದಿಯೇ ತಲುಪದಿದ್ದರೆ?

ಅವಳ ಬಳಿಯೂ ಹೇಳಲು ಒಂದು ಕಥೆಯಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು ಓದೆಂದು ಕೊಟ್ಟದ್ದು, ರಾತ್ರಿ ರೈಲಿನಲ್ಲಿ ಅವಳು ಓದಿ ಮುಗಿಸಿದ್ದು. ಅದು ಗಿಟ್‌ಲ್ಯಾಬ್ ಎಂಬ ಕಂಪನಿ 2017ರಲ್ಲಿ ತನ್ನ ತಪ್ಪಿನ ಬಗ್ಗೆ ತಾನೇ ಬರೆದು ಪ್ರಕಟಿಸಿದ ವರದಿ. ಜಗತ್ತಿನ ಲಕ್ಷಾಂತರ ಮಂದಿ ತಾವು ಬರೆದ ತಂತ್ರಾಂಶವನ್ನು ಇಟ್ಟುಕೊಳ್ಳಲು, ಸತತ ಜೋಡಣೆ ಮಾಡಲು ಬಳಸುವ ವ್ಯವಸ್ಥೆ ಅದು. ಅಂದರೆ ಇಂಥ ಕೆಲಸಗಳನ್ನು ಊರಿಗೆಲ್ಲ ಮಾಡಿಕೊಡುವವರೇ ಅವರು.

2017ರ ಜನವರಿ 31ರ ರಾತ್ರಿ ಅಲ್ಲಿನ ಇಂಜಿನಿಯರೊಬ್ಬರು ದಣಿದಿದ್ದ ಹೊತ್ತಿನಲ್ಲಿ, ಒಂದು ಯಂತ್ರದ ಬದಲು ಇನ್ನೊಂದರಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಕ್ಷಣದಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸಿದರೂ, ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು ನಾಲ್ಕೂವರೆಯಷ್ಟು ಮಾತ್ರ. ಪರವಾಗಿಲ್ಲ, ದಿನವೂ ಪ್ರತಿ ತೆಗೆದಿಡುವ ಹಿನ್ನೆಲೆ ಕೆಲಸವೊಂದಿದೆಯಲ್ಲ ಎಂದು ಹೋಗಿ ನೋಡಿದರೆ ಆ ಉಗ್ರಾಣವೂ ಖಾಲಿ! ಮಾಹಿತಿ ಸಂಗ್ರಹದ ತಂತ್ರಾಂಶ 9.6ನೆಯ ಆವೃತ್ತಿಯದು, ಪ್ರತಿ ತೆಗೆಯುವ ಉಪಕರಣ 9.2ರದು. ಎರಡಕ್ಕೂ ಹೊಂದಿಕೆಯಾಗದೆ ಆ ಕೆಲಸ ಪ್ರತಿದಿನ ವಿಫಲವಾಗುತ್ತಿತ್ತು.

ಹಾಗಾದರೆ ಯಾರಿಗೂ ಏಕೆ ತಿಳಿಯಲಿಲ್ಲ? ವಿಫಲವಾದರೆ ತಿಳಿಸಲು ಮಿಂಚಂಚೆ ಹೋಗುವ ಏರ್ಪಾಡು ಇತ್ತು. ಆದರೆ ಆ ಮಿಂಚಂಚೆಗಳಿಗೆ ಇರಬೇಕಾದ ಸಹಿ ಇರಲಿಲ್ಲವಾಗಿ, ಸ್ವೀಕರಿಸುವ ಕಡೆಯವರು ಅವನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿದ್ದರು. ಕೆಲಸ ಕೆಟ್ಟಿತು, ಕೆಟ್ಟಿತೆಂಬ ಸುದ್ದಿಯೂ ತಲುಪಲಿಲ್ಲ. ಇಂಜಿನಿಯರೊಬ್ಬರು ಬೇರಾವುದೋ ಕಾರಣಕ್ಕೆ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಇದ್ದದ್ದರಿಂದ ಅವರು ಬದುಕಿಕೊಂಡರು. ಆದರೂ ಆ ಆರು ಗಂಟೆಗಳ ಮಾಹಿತಿ ಹೋಯಿತು. ಸುಮಾರು 5,000 ಯೋಜನೆಗಳ ವಿವರ, 5,000 ಟಿಪ್ಪಣಿ, 700 ಹೊಸ ಬಳಕೆದಾರರ ಖಾತೆಗಳಿಗೆ ನಷ್ಟವಾಯಿತು. ಜನರು ಬರೆದಿಟ್ಟಿದ್ದ ಮೂಲ ತಂತ್ರಾಂಶ ಬೇರೆ ಕಡೆ ಇದ್ದುದರಿಂದ ಉಳಿಯಿತು.

"ಆ ಇಂಜಿನಿಯರನ್ನ ಏನು ಮಾಡಿದರು?" ತಂದೆ ಕೇಳಿದ ಮೊದಲ ಪ್ರಶ್ನೆ ಇದು.

"ಹೆಸರೇ ಬರೆದಿಲ್ಲಪ್ಪ. 'ತಂಡದ ಸದಸ್ಯ 1' ಅಂತ ಅಷ್ಟೇ ಇದೆ. ರಿಪೇರಿ ಮಾಡೋದನ್ನ ಜನರೆಲ್ಲ ನೋಡೋ ಹಾಗೆ ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದರು. ಯಾಕೆ ಹೀಗಾಯಿತು ಅಂತ ಒಂದರ ಮೇಲೊಂದು ಪ್ರಶ್ನೆ ಕೇಳಿಕೊಂಡು ಹೋಗಿದ್ದಾರೆ. ಯಾರು ಅನ್ನೋ ಪ್ರಶ್ನೆನೇ ಇಲ್ಲ."

ತಂದೆ ಅಂಗಳದ ಕಡೆ ನೋಡುತ್ತ, "ನಮಗೂ ಆಗ ಯಾರಾದರೂ ಅದನ್ನ ಕಲಿಸಿದ್ದರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಐದು ಪ್ರಶ್ನೆಗಳು

ಮಧ್ಯಾಹ್ನ ಊಟವಾದ ಮೇಲೆ ಹಳೆಯ ಲೆಕ್ಕದ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ತಂದೆ ಮಗಳು ಕುಳಿತು ಒಂದು ಪಟ್ಟಿ ಮಾಡಿದರು. ಪ್ರಶ್ನೆ ತಂದೆಯದು, ಉತ್ತರ ಮಗಳದು.

ಮೊದಲನೆಯದು: ಚೀಟಿ ಬಿದ್ದರೆ ಸಾಕೆ, ಕೆಲಸ ಆಗಬೇಕೆ? ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ನಿಜವಾದ ಸರದಿಯ ಬದಲು ಒಂದು ನಕಲಿ ಸರದಿಯನ್ನು ಇಟ್ಟುಕೊಳ್ಳುತ್ತಾರೆ. ಅದು ಬೇಗ ಮುಗಿಯುತ್ತದೆ, ಅದಕ್ಕೊಂದು ಉಪಯೋಗವೂ ಇದೆ. ಆದರೆ ನಕಲಿ ಸರದಿಯಲ್ಲಿ ಚೀಟಿ ಬಿದ್ದದ್ದು ಡಬ್ಬದ ಬಿಲ್ಲೆ ಬದಲಾದಂತೆ, ಅಷ್ಟೆ. ಪೊಟ್ಟಣವನ್ನು ಉಗ್ರಾಣದಿಂದ ಹೊರತೆಗೆದು, ಇಟ್ಟದ್ದೂ ತೆಗೆದದ್ದೂ ಅಕ್ಷರಕ್ಕಕ್ಷರ ಒಂದೇ ಎಂದು ತಾಳೆ ನೋಡಿದಾಗಲೇ ಕೆಲಸವಾಯಿತು ಎನ್ನಬೇಕು.

ಎರಡನೆಯದು: ಯಾವುದು ಮೊದಲು, ಯಾವುದು ಆಮೇಲೆ? ದಫ್ತರಿನಲ್ಲಿ ಬರೆದು ಮುಗಿಸಿದ ಮೇಲೆಯೇ ಚೀಟಿ ಹಾಕಬೇಕು. "ಮನಿಆರ್ಡರ್ ಹಣವನ್ನು ಪುಸ್ತಕಕ್ಕೆ ಹತ್ತಿಸದೆ ನಾವು ಪೋಸ್ಟ್‌ಮ್ಯಾನ್ ಕೈಗೆ ಕೊಡ್ತಿರಲಿಲ್ಲ" ಎಂದರು ತಂದೆ. ಒಂದು ವೇಳೆ ಚೀಟಿ ಮೊದಲೇ ಬಂದುಬಿಟ್ಟರೆ ಕೆಲಸ ಸುಮ್ಮನೆ ಹಿಂದಿರುಗಬಾರದು. ತಕರಾರು ಎತ್ತಬೇಕು. ಆಗ ಸರದಿ ಅದನ್ನು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮಾಡಿಸುತ್ತದೆ.

ಮೂರನೆಯದು: ಒಂದೇ ಚೀಟಿ ಎರಡು ಸಲ ಬಂದರೆ? ಯಂತ್ರ ಅರ್ಧದಲ್ಲಿ ನಿಂತರೆ ಅನೇಕ ಸರದಿ ವ್ಯವಸ್ಥೆಗಳು ಅದೇ ಚೀಟಿಯನ್ನು ಮತ್ತೊಮ್ಮೆ ಕೊಡುತ್ತವೆ. ಒಂದೇ ಮನಿಆರ್ಡರನ್ನು ಎರಡು ಸಲ ಬಟವಾಡೆ ಮಾಡಿದರೆ ಹೇಗಿರುತ್ತದೆ! ಆದ್ದರಿಂದ ಬೇಕೆಂದೇ ಕೆಲಸವನ್ನು ಎರಡು ಸಲ ಓಡಿಸಿ, ಉಗ್ರಾಣದಲ್ಲಿ ಪೊಟ್ಟಣ ಒಂದೇ ಇದೆಯೆ ಎಂದು ನೋಡಬೇಕು.

ನಾಲ್ಕನೆಯದು: ಎಷ್ಟು ಹೊತ್ತು ಕಾಯಬೇಕು? ಹಿನ್ನೆಲೆ ಕೆಲಸ ಯಾವಾಗ ಮುಗಿಯುತ್ತದೆಂದು ಮೊದಲೇ ಹೇಳಲಾಗದು. ಐದು ಸೆಕೆಂಡು ಸುಮ್ಮನೆ ಕಾದು ನೋಡುವ ಪರೀಕ್ಷೆ ಒಂದು ದಿನ ಪಾಸು, ಒಂದು ದಿನ ಫೇಲು. ಇಂಥ ಚಂಚಲ ಪರೀಕ್ಷೆಯ ಕೆಂಪನ್ನು ಕ್ರಮೇಣ ಯಾರೂ ಲೆಕ್ಕಿಸುವುದಿಲ್ಲ. ಅದರ ಬದಲು ಎರಡು ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತ, ಎರಡು ನಿಮಿಷ ಕಳೆದರೂ ಆಗದಿದ್ದರೆ ಫೇಲು ಎಂದು ಗಡುವು ಹಾಕಿಕೊಳ್ಳುವುದು ಲೇಸು. ಬಟವಾಡೆಯೇ ಆಗದ ಕಾಗದಗಳಿಗೆ ಅಂಚೆ ಇಲಾಖೆಯಲ್ಲಿ ರಿಟರ್ನ್ಡ್ ಲೆಟರ್ ಆಫೀಸ್ ಎಂದಿದೆ. ಹಿಂದೆ ಅದನ್ನು ಡೆಡ್ ಲೆಟರ್ ಆಫೀಸ್ ಎನ್ನುತ್ತಿದ್ದರು. ಎಷ್ಟು ಸಲ ಪ್ರಯತ್ನಿಸಿದರೂ ಆಗದ ಚೀಟಿಗಳನ್ನು ತೆಗೆದಿಡುವ ಜಾಗಕ್ಕೆ ಕಂಪ್ಯೂಟರಿನವರೂ 'ಡೆಡ್ ಲೆಟರ್ ಕ್ಯೂ' ಎಂದೇ ಹೆಸರಿಟ್ಟಿದ್ದಾರೆಂದು ಕೇಳಿ ತಂದೆಗೆ ಬಹಳ ಖುಷಿಯಾಯಿತು. "ಅದನ್ನ ದಿನಾ ಯಾರಾದರೂ ತೆಗೆದು ನೋಡ್ತಾರೇನಮ್ಮ?" ಎಂದರು. ಮಗಳು ಅದನ್ನೂ ಪಟ್ಟಿಗೆ ಸೇರಿಸಿದಳು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಕೆಟ್ಟ ಸುದ್ದಿ ಬಂದರೆ ಎಚ್ಚರಗೊಳ್ಳುವುದೋ, ಒಳ್ಳೆಯ ಸುದ್ದಿ ಬಾರದಿದ್ದರೆ ಎಚ್ಚರಗೊಳ್ಳುವುದೋ? ಆ ಕಾಲದಲ್ಲಿ ರಿಜಿಸ್ಟರ್ ಕಾಗದದ ಜೊತೆ ಎ.ಡಿ. ಕಾರ್ಡು ಲಗತ್ತಿಸಿದರೆ, ಪಡೆದವರ ಸಹಿ ಹೊತ್ತ ಆ ಕಾರ್ಡು ಕಳಿಸಿದವರಿಗೆ ಹಿಂದಿರುಗುತ್ತಿತ್ತು. ಕಾರ್ಡು ಬರಲಿಲ್ಲವೆಂದರೆ ವಿಚಾರಿಸಬೇಕೆಂದು ತಿಳಿಯುತ್ತಿತ್ತು. ಕಾಗದ ಕಳೆದುಹೋಯಿತೆಂದು ಯಾರೂ ಪತ್ರ ಬರೆದು ತಿಳಿಸಬೇಕಾಗಿರಲಿಲ್ಲ. ಹಿನ್ನೆಲೆ ಕೆಲಸಕ್ಕೂ ಇದೇ ನ್ಯಾಯ. ಪ್ರತಿ ರಾತ್ರಿ ಒಂದು ಪುಟ್ಟ ಹುಸಿ ಬಿಲ್ಡ್ ಮಾಡಿ, ಅದು ಎಲ್ಲ ಹಂತಗಳನ್ನೂ ದಾಟಿ ಉಗ್ರಾಣ ಸೇರಿ, ಅಲ್ಲಿಂದ ಹೊರಬಂದು ಸರಿಯಾಗಿ ಓಡಿದರೆ 'ತಲುಪಿದೆ' ಎಂಬ ಸಂದೇಶ ಬರಬೇಕು. ಬೆಳಿಗ್ಗೆ ಆ ಸಂದೇಶ ಕಾಣದಿದ್ದರೆ, ಬೇರೆ ಯಾವ ದೀಪ ಹಸಿರಿದ್ದರೂ, ಏನೋ ಕೆಟ್ಟಿದೆ ಎಂದೇ ಅರ್ಥ.

ಭಾನುವಾರ ರಾತ್ರಿಯ ರೈಲಿಗೆ ಅವಳು ಹೊರಟಳು. ಕೆಲಸ ಬಿಡುವ ಮಾತು ಮತ್ತೆ ಎತ್ತಲಿಲ್ಲ. ಬಸ್ ನಿಲ್ದಾಣದವರೆಗೆ ಬಂದ ತಂದೆ ಹೇಳಿದ್ದು ಒಂದೇ ಮಾತು: "ನಿನ್ನಿಂದ ತಪ್ಪಾಯಿತು ಅಂತ ಒಪ್ಪಿಕೋ. ಆದರೆ ತಗಡು ಎಲ್ಲಿ ಬಾಗಿತ್ತು ಅನ್ನೋದನ್ನೂ ತೋರಿಸು. ಬರೀ ಒಪ್ಪಿಕೊಂಡು ಓಡಿ ಬಂದರೆ ಆ ತಗಡು ಅಲ್ಲೇ ಇರುತ್ತೆ."

ಶಾಲೆಯ ಪ್ರಯೋಗಾಲಯದಲ್ಲಿ ಕೆಲವು ಮಕ್ಕಳು ಬ್ಯೂರೆಟ್ಟಿನ ಅಳತೆಯನ್ನು ನೋಡದೆಯೇ, ಪಕ್ಕದವನ ಪುಸ್ತಕ ನೋಡಿ 'ಬರಬೇಕಾದ' ಉತ್ತರವನ್ನು ರೆಕಾರ್ಡಿನಲ್ಲಿ ಬರೆಯುವುದುಂಟು. ಕೆಂಪು ಶಾಯಿಯ ಸರಿ ಗುರುತೂ ಬೀಳುತ್ತದೆ. ಆ ಗುರುತು ಬಿಲ್ಲೆ ಬದಲಾದ ಗುರುತು ಮಾತ್ರ. ಅಂಕಪಟ್ಟಿ ನೋಡಿ ತೃಪ್ತರಾಗುವ ತಂದೆತಾಯಿಗಳು ಒಮ್ಮೊಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು, "ಇದು ಹೇಗೆ ಬಂತು, ನನಗೆ ಅರ್ಥವಾಗೋ ಹಾಗೆ ಹೇಳು" ಎಂದು ಕೇಳಿದರೆ ಕಾಗದ ಊರು ಸೇರಿತೆ ಇಲ್ಲವೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಸೇರಿರದಿದ್ದರೆ ಆಗಲೂ ಹುಡುಕಬೇಕಾದದ್ದು ಬಾಗಿದ ತಗಡನ್ನು. ಮಗುವನ್ನು ಎಲ್ಲರ ಮುಂದೆ ನಿಲ್ಲಿಸುವುದರಿಂದ ಯಾವ ಅರ್ಜಿಯೂ ಸಿಕ್ಕುವುದಿಲ್ಲ.

ರಾತ್ರಿಯ ಹುಸಿ ಬಿಲ್ಡಿಗೆ ಅವಳ ಕಚೇರಿಯವರು 'ಸೋಮವಾರದ ಕಾರ್ಡು' ಎಂದು ಹೆಸರಿಟ್ಟಿದ್ದಾರೆ. ವಾರದ ಎಲ್ಲ ದಿನ ನಡೆದರೂ ಹೆಸರು ಅದೇ. ಫೋನ್ ಮಾಡಿದಾಗಲೆಲ್ಲ ತಂದೆ, ಊಟ ಆಯಿತೆ ಎಂದು ಕೇಳಿದ ಮೇಲೆ, "ಕಾರ್ಡು ಬಂತೇನಮ್ಮ?" ಎನ್ನುತ್ತಾರೆ. "ಬಂತಪ್ಪ" ಎನ್ನುತ್ತಾಳೆ.

ಮೊನ್ನೆ ಒಂದು ಬೆಳಿಗ್ಗೆ ಅವಳೇ ಫೋನ್ ಮಾಡಿದಳು. "ಅಪ್ಪ, ಇವತ್ತು ಕಾರ್ಡು ಬರಲಿಲ್ಲ!" ಎಂದಳು. ದನಿಯಲ್ಲಿ ಗಾಬರಿಯಿರಲಿಲ್ಲ, ಹಬ್ಬದ ಸಂಭ್ರಮವಿತ್ತು. ಉಗ್ರಾಣದಲ್ಲಿ ಜಾಗ ತುಂಬಿ ಹೋಗಿತ್ತಂತೆ. ಅರ್ಧ ಗಂಟೆಯಲ್ಲಿ ಸರಿಮಾಡಿದರಂತೆ. ಆಸ್ಪತ್ರೆಗಳಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ತಂದೆ ಫೋನ್ ಇಟ್ಟು, ಒಳಗೆ ಹೋಗಿ, ಬೀರುವಿನಿಂದ ಆ ಹಳೆಯ ಪುಸ್ತಕ ತೆಗೆದರು. ಸೋಮವಾರದ ಕಾರ್ಡುಗಳ ಗುರುತುಗಳಿದ್ದ ಕೊನೆಯ ಪುಟದಲ್ಲಿ, ಅಂದಿನ ತಾರೀಖು ಬರೆದು, ಅದರ ಮುಂದೆ 'ಬರಲಿಲ್ಲ. ವಿಚಾರಿಸಲಾಯಿತು' ಎಂದು ಗುರುತು ಹಾಕಿದರು.